ಆಟಿಕೆ ಬ್ಲಾಕ್: ಮೊದಲು ಅಳತೆ ಸರಿಯಿರಲಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಕಲಿಕೆಯ ಬ್ಲಾಕ್‌ಗಳನ್ನು ಮನೆಯಲ್ಲೇ ಮಾಡಿಕೊಡುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಆಶಯ ಒಳ್ಳೆಯದೇ. ಆದರೆ ಉಳಿಕೆ ಮರವನ್ನು ಬೇಕಾದ ಆಕಾರಕ್ಕೆ ಕೊಯ್ದು, ಬಣ್ಣ ಬಳಿದು, ಮೇಲೊಂದು ಅಕ್ಷರ ಬರೆದರೆ ಬ್ಲಾಕ್ ಸಿದ್ಧ ಎಂಬ ಮಾತನ್ನು ಹಾಗೇ ಬಿಡುವಂತಿಲ್ಲ. ಬೇಕಾದ ಆಕಾರಕ್ಕೆ ಕೊಯ್ದ ತುಂಡುಗಳು ಒಲೆಗೆ ಆದಾವು, ಕಟ್ಟುವ ಆಟಕ್ಕೆ ಆಗುವುದಿಲ್ಲ. ಪತ್ರ ಉದ್ದವಾಗಿದೆ, ಮನ್ನಿಸಬೇಕು. ಲೆಕ್ಕ ಕೊಡದೆ ಈ ಮಾತನ್ನು ಹೇಳಿ ಪ್ರಯೋಜನವಿಲ್ಲ.

ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ 19ನೇ ಶತಮಾನದಲ್ಲಿ ರೂಪಿಸಿದ ಆಟಿಕೆಗಳ ಸಾಲಿನಲ್ಲಿ ಮೂರನೆಯದು 2 ಅಂಗುಲದ ಒಂದು ಘನ. ಬಿಡಿಸಿದರೆ 1 ಅಂಗುಲದ 8 ಪುಟ್ಟ ಘನಗಳು. ನಾಲ್ಕನೆಯದೂ 2 ಅಂಗುಲದ ಘನವೇ, ಆದರೆ ಬಿಡಿಸಿದರೆ 2 × 1 × ½ ಅಂಗುಲದ 8 ಇಟ್ಟಿಗೆಗಳು. ಪುಟ್ಟ ಘನ ಮತ್ತು ಚಪ್ಪಟೆ ಇಟ್ಟಿಗೆ ನೋಡಲು ಬೇರೆಬೇರೆ, ಒಳಗಿನ ಮರ ಮಾತ್ರ ಅಷ್ಟೇ. ಯಾರೂ ಹೇಳಿಕೊಡದೆ ಮಗುವಿನ ಕೈಗೆ ಇದು ಗೊತ್ತಾಗುತ್ತದೆ. ಅಮೆರಿಕದ ಶಿಕ್ಷಣತಜ್ಞೆ ಕ್ಯಾರೊಲಿನ್ ಪ್ರಾಟ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಯೂನಿಟ್ ಬ್ಲಾಕ್ 1⅜ × 2¾ × 5½ ಅಂಗುಲದ್ದು. ದಪ್ಪ, ಅಗಲ, ಉದ್ದಗಳ ಪ್ರಮಾಣ 1:2:4. ಇಂದಿಗೂ ಶಿಶುವಿಹಾರಗಳಲ್ಲಿ ಕಾಣುವ ಮರದ ಬ್ಲಾಕ್‌ಗಳು ಬಹುಪಾಲು ಇದೇ ಪ್ರಮಾಣದವು. ಎರಡು ದಪ್ಪಕ್ಕೆ ಒಂದು ಅಗಲ, ಎರಡು ಅಗಲಕ್ಕೆ ಒಂದು ಉದ್ದ. ಹಾಗಾಗಿ ಮಲಗಿಸಿದರೂ, ನಿಲ್ಲಿಸಿದರೂ, ಅಡ್ಡ ಇಟ್ಟರೂ ಒಂದಕ್ಕೊಂದು ಹೊಂದುತ್ತದೆ.

ಮೆಟ್ರಿಕ್‌ನಲ್ಲಿ ಇದನ್ನು 35 × 70 × 140 ಮಿ.ಮೀ. ಎಂದು ಇಟ್ಟುಕೊಂಡರೆ ಕೆಲಸ ಸುಲಭ. ಇಲ್ಲೇ ಮೊದಲ ಎಡವಟ್ಟು ಆಗುವುದು. 140ರ ಒಂದು ತುಂಡನ್ನು ಸರಿಯಾಗಿ ನಡುವೆ ಕೊಯ್ದರೆ 70ರ ಎರಡು ಸಿಗುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಿಗುವುದಿಲ್ಲ. ಗರಗಸದ ಹಲ್ಲು 3 ಮಿ.ಮೀ. ಮರವನ್ನು ಹೊಟ್ಟು ಮಾಡುತ್ತದೆ, ಉಳಿಯುವುದು 68.5ರ ಎರಡು ತುಂಡು. ಅದನ್ನೇ ನಾಲ್ಕು ಮಾಡಹೊರಟರೆ ಮೂರು ಕೊಯ್ತಕ್ಕೆ 9 ಮಿ.ಮೀ. ಹೋಗಿ ಒಂದೊಂದೂ 32.75 ಆಗುತ್ತದೆ. ಆ ನಾಲ್ಕನ್ನೂ ಸಾಲಾಗಿಟ್ಟು ಪಕ್ಕದಲ್ಲಿ ಇಡೀ ತುಂಡೊಂದನ್ನು ಇಟ್ಟರೆ ಹೆಬ್ಬೆರಳಿನ ಅರ್ಧದಷ್ಟು ಕೊರತೆ. ನಾಲ್ಕು ಕಾಲು ಸೇರಿದರೆ ಒಂದಾಗುವುದಿಲ್ಲ ಎಂದು ಕಲಿಸುವ ಆಟಿಕೆ ಅದು! ಇಡೀ ತುಂಡನ್ನು ಭಾಗ ಮಾಡಲೇಬಾರದು. ಉದ್ದನೆಯ ಪಟ್ಟಿಯಿಂದ ಪ್ರತಿ ತುಂಡನ್ನೂ ಅದರದ್ದೇ ಅಳತೆಗೆ ನೇರವಾಗಿ ಕೊಯ್ಯಬೇಕು.

ಕೆಲಸದ ಕ್ರಮವೂ ಮುಖ್ಯ. ಮೊದಲು ಪಟ್ಟಿಯ ದಪ್ಪವನ್ನು ಹತ್ತರಿಯಿಂದ ಹೆರೆದು 35ಕ್ಕೆ ತರಬೇಕು, ಆಮೇಲೆ ಅಗಲವನ್ನು 70ಕ್ಕೆ, ಕೊನೆಗೆ ಅಡ್ಡಕೊಯ್ತ. ಅಡ್ಡಕೊಯ್ತಕ್ಕೆ ಪ್ರತಿ ಸಲ ಪೆನ್ಸಿಲ್ ಗೆರೆ ಹಾಕಿದರೆ ಪ್ರತಿ ಸಲವೂ ಅರ್ಧ ಮಿ.ಮೀ. ಆಚೀಚೆ. ಗರಗಸದ ಮೇಜಿಗೆ ಒಂದು ತಡೆಕಟ್ಟೆ ಬಿಗಿದು, ಪಟ್ಟಿಯ ತುದಿಯನ್ನು ಅದಕ್ಕೆ ತಾಗಿಸಿ, ಒಂದು ಅಳತೆಯ ಎಲ್ಲ ತುಂಡುಗಳನ್ನೂ ಒಂದೇ ಸಲಕ್ಕೆ ಮುಗಿಸಬೇಕು. ಆ ತಡೆಕಟ್ಟೆಯ ಮುಂದೆ ಹೊಟ್ಟು ಕೂರುತ್ತದೆ. ಕೂತಷ್ಟೂ ಮುಂದಿನ ತುಂಡು ಗಿಡ್ಡ. ಕಟ್ಟೆಯ ಕೆಳ ಅಂಚನ್ನು ಸ್ವಲ್ಪ ಕೆತ್ತಿ ಓರೆ ಮಾಡಿದರೆ ಹೊಟ್ಟು ಅದರಡಿಗೆ ಸರಿದುಹೋಗುತ್ತದೆ. ಚಿಕ್ಕ ತುಂಡುಗಳನ್ನು ಕೈಯಲ್ಲಿ ಹಿಡಿದು ಯಂತ್ರದ ಗರಗಸಕ್ಕೆ ಒಡ್ಡಬೇಡಿ. 70ಕ್ಕಿಂತ ಗಿಡ್ಡವಾದುದನ್ನು ಕೈಗರಗಸದಲ್ಲಿ, ತುಂಡು ಅಲುಗದಂತೆ ಹಿಡಿಯುವ ಕಚ್ಚುಹಲಗೆಯಲ್ಲಿಟ್ಟು ಕೊಯ್ಯುವುದೇ ಲೇಸು.

ತ್ರಿಕೋನದ್ದು ಇನ್ನೂ ಸೂಕ್ಷ್ಮ. 70ರ ಚೌಕವನ್ನು ಮೂಲೆಯಿಂದ ಮೂಲೆಗೆ ಕೊಯ್ದರೆ ಒಂದೊಂದು ತ್ರಿಕೋನದ ಬದಿಯೂ 2.1 ಮಿ.ಮೀ. ಗಿಡ್ಡವಾಗಿ 67.9 ಆಗುತ್ತದೆ. ಅದಕ್ಕಿಂತ ಕೆಟ್ಟದ್ದು ಮರದ ಎಳೆ. ಚೌಕದ ಬದಿಗೆ ಸಮನಾಗಿ ಎಳೆ ಓಡುತ್ತಿದ್ದರೆ ಎರಡು ಚೂಪು ತುದಿಗಳಲ್ಲಿ ಒಂದಕ್ಕೆ ಎಳೆ ಅಡ್ಡಬರುತ್ತದೆ. ಮೊದಲ ಸಲ ನೆಲಕ್ಕೆ ಬಿದ್ದಾಗಲೇ ಆ ತುದಿ ಮುರಿಯುತ್ತದೆ, ಮುರಿದ ಚೂರು ಮಗುವಿನ ಬಾಯಿಗೆ ಹೋಗುವಷ್ಟು ಸಣ್ಣದು. ಇದಕ್ಕೆ ಚೌಕವನ್ನೇ ಕೈಬಿಡುವುದು ಮದ್ದು. 49.5 ಮಿ.ಮೀ. ಅಗಲದ ಬೇರೊಂದು ಪಟ್ಟಿ ಮಾಡಿ, 45 ಡಿಗ್ರಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಓರೆಯಾಗಿ ಕೊಯ್ಯುತ್ತ ಹೋದರೆ ತ್ರಿಕೋನಗಳು ಒಂದರ ಪಕ್ಕ ಒಂದು ಉದುರುತ್ತವೆ. ಉದ್ದ ಬದಿ 99, ಉಳಿದೆರಡು 70. ಉದ್ದ ಬದಿಯ ಗುಂಟ ಎಳೆ ಓಡುವುದರಿಂದ ಎರಡೂ ತುದಿ ಗಟ್ಟಿ, ಹೊಟ್ಟಾಗಿ ಹೋದದ್ದು ಅಳತೆಯನ್ನೂ ಕೆಡಿಸುವುದಿಲ್ಲ.

ಎಷ್ಟು ವ್ಯತ್ಯಾಸ ನಡೆದೀತು? ಒಂದು ತುಂಡಿಗೆ 0.2 ಮಿ.ಮೀ. ಆಚೀಚೆ ಇರಬಹುದು ಎನ್ನುವುದು ನಮ್ಮ ಅಳತೆಗೋಲು. ಕೂದಲೆಳೆಯ ಲೆಕ್ಕ ಎಂದು ನಗಬೇಡಿ. ತಪ್ಪು ಒಂದೇ ಕಡೆ ಬಿದ್ದರೆ 10 ಬ್ಲಾಕ್‌ಗಳ ಕಂಬಕ್ಕೆ 2 ಮಿ.ಮೀ. ಆಯಿತು, ಪಕ್ಕದ ಕಂಬ ಇನ್ನೊಂದು ಕಡೆಗೆ ತಪ್ಪಿದ್ದರೆ ಎರಡರ ನಡುವೆ 4 ಮಿ.ಮೀ. ಅವುಗಳ ಮೇಲೆ ಸೇತುವೆ ಹಾಸಿದರೆ ಅಲುಗಾಡುತ್ತದೆ. ದೊಡ್ಡವರು ಬ್ಲಾಕನ್ನು ದೂರುತ್ತಾರೆ, ಮಗು ತನಗೇ ಬರುವುದಿಲ್ಲ ಅಂದುಕೊಂಡು ಎದ್ದುಹೋಗುತ್ತದೆ. ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಹತ್ತು ಹತ್ತರ ಎರಡು ಕಂಬ ನಿಲ್ಲಿಸಿ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ, ಆಮೇಲೆ ತುಂಡುಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿ. ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ಎಂಬುದಕ್ಕೆ ಮೂಲೆಮಟ್ಟಕ್ಕಿಂತಲೂ ನಿಲ್ಲಿಸಿದ ಕಂಬವೇ ಒಳ್ಳೆಯ ಸಾಕ್ಷಿ. 140ರ ತುಂಡನ್ನು ಅದರ ಪುಟ್ಟ ತಳದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲೆ ಇನ್ನೆರಡು ಹೇರಿದರೆ ಓರೆ ಕೊಯ್ತ ಬಚ್ಚಿಟ್ಟುಕೊಳ್ಳಲಾರದು.

ಸ್ವಲ್ಪ ದೊಡ್ಡ ಮಕ್ಕಳಿಗೆ ಇನ್ನೊಂದು ಆಟವಿದೆ, ಅದೂ ಪರೀಕ್ಷೆಯೇ. ಮೇಜಿನ ಅಂಚಿನಿಂದ ಬ್ಲಾಕ್‌ಗಳನ್ನು ಒಂದರ ಮೇಲೊಂದು ಹೊರಚಾಚಿ ಇಡುವುದು. ತುದಿಯಿಂದ ಎಣಿಸಿದರೆ ಮೇಲಿನದು ಉದ್ದದ ಅರ್ಧ, ಅದರ ಕೆಳಗಿನದು ಕಾಲು, ಮತ್ತೆ ಆರರಲ್ಲೊಂದು, ಎಂಟರಲ್ಲೊಂದು ಭಾಗ ಚಾಚಬಹುದು. 140ರ ಬ್ಲಾಕಿಗೆ 70, 35, 23.3, 17.5; ಕೂಡಿದರೆ 145.8. ಎಂದರೆ ನಾಲ್ಕೇ ಬ್ಲಾಕಿನಲ್ಲಿ ಮೇಲಿನದು ಪೂರ್ತಿ ಮೇಜಿನಾಚೆಗೆ ಗಾಳಿಯಲ್ಲಿ! ಕಾಗದದ ಮೇಲೆ ಉಳಿಯುವ ಅವಕಾಶ 6 ಮಿ.ಮೀ.ಗೂ ಕಡಿಮೆ, ಹಾಗಾಗಿ ಕೈಯಲ್ಲಿ ಮಾಡುವಾಗ ಐದು ಬ್ಲಾಕ್ ಇಟ್ಟುಕೊಳ್ಳಿ. ಐದರಲ್ಲೂ ಆಗದಿದ್ದರೆ ಬ್ಲಾಕಿನ ಮುಖ ಸಪಾಟಾಗಿಲ್ಲ, ಅಥವಾ ಅಂಚು ಅತಿಯಾಗಿ ಉರುಟಾಗಿದೆ.

ಅಂಚಿನ ವಿಷಯ ಬಂತು. ಚೂಪು ಅಂಚು ಬೇಡ, ಸರಿ. ಆದರೆ ಮಾರುಕಟ್ಟೆಯ ಬ್ಲಾಕ್‌ಗಳಲ್ಲಿ ಸುರಕ್ಷತೆಯ ಹೆಸರಿನಲ್ಲಿ ಅಂಚನ್ನು ಸೋಪಿನ ಬಿಲ್ಲೆಯಂತೆ ಸವೆಸುವುದು ರೂಢಿಯಾಗಿದೆ. 25 ಮಿ.ಮೀ. ಘನದ ಅಂಚನ್ನು 3 ಮಿ.ಮೀ. ಉರುಟು ಮಾಡಿದರೆ ಸಪಾಟಾಗಿ ಉಳಿಯುವುದು 19 × 19, ಮುಖದ 58%. 1 ಮಿ.ಮೀ. ಉರುಟಿಗೆ 85% ಉಳಿಯುತ್ತದೆ. ಕೈಗೆ ಚುಚ್ಚದಿರಲು 1ರಿಂದ 1.5 ಮಿ.ಮೀ. ಧಾರಾಳ ಸಾಕು. ಉಪ್ಪುಕಾಗದವನ್ನು ಬ್ಲಾಕಿನ ಮೇಲೆ ಎಳೆಯುವ ಬದಲು ಗಾಜಿನ ಹಲಗೆಯ ಮೇಲೆ ಕಾಗದ ಅಂಟಿಸಿ ಬ್ಲಾಕನ್ನೇ ಅದರ ಮೇಲೆ ಎಳೆದರೆ ಮುಖ ಡೊಂಕಾಗುವುದಿಲ್ಲ. 120ನೇ ನಂಬರ್, ಆಮೇಲೆ 180, ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ನುಣುಪು ಮಾಡಿದರೆ ಬ್ಲಾಕ್ ಜಾರತೊಡಗುತ್ತದೆ.

ಜಾರುವಿಕೆಯೂ ವಿನ್ಯಾಸದ ಭಾಗವೇ. ಒಂದು ಬ್ಲಾಕಿನ ಮೇಲೆ ಇನ್ನೊಂದನ್ನಿಟ್ಟು ಕೆಳಗಿನದನ್ನು ನಿಧಾನವಾಗಿ ಓರೆ ಮಾಡಿ. 20 ಡಿಗ್ರಿಯ ಆಸುಪಾಸಿನವರೆಗೆ ಮೇಲಿನದು ಹಿಡಿದುಕೊಂಡರೆ ಸೊಗಸು. 15 ಡಿಗ್ರಿಗೂ ಮೊದಲೇ ಸರಿದರೆ ಎಳೆಯ ಕೈಗಳಿಗೆ ಅದರಲ್ಲಿ ಕಟ್ಟಲು ಬರುವುದಿಲ್ಲ. ಹೊಳೆಯುವ ವಾರ್ನಿಷ್ ಬಳಿದ ಬ್ಲಾಕ್‌ಗಳು ಅಂಗಡಿಯ ಗಾಜಿನ ಹಿಂದೆ ಚೆಂದ, ಅಷ್ಟೇ. ಬಣ್ಣಕ್ಕೆ ಇನ್ನೊಂದು ತೊಡಕಿದೆ: ಒಂದು ಕೋಟ್ 0.05 ಮಿ.ಮೀ. ಎಂದುಕೊಂಡರೂ ಎರಡು ಕೋಟ್, ಎರಡು ಮುಖ ಸೇರಿ ಒಂದು ಬ್ಲಾಕಿಗೆ 0.2, ಹತ್ತು ಬ್ಲಾಕಿನ ಕಂಬಕ್ಕೆ 2 ಮಿ.ಮೀ. ಕೆಂಪು ಬ್ಲಾಕಿಗೆ ಎರಡು ಕೋಟ್, ಬಣ್ಣವಿಲ್ಲದ್ದಕ್ಕೆ ಒಂದೂ ಇಲ್ಲ ಎಂದರೆ ಗರಗಸದಲ್ಲಿ ಪಟ್ಟ ಶ್ರಮವೆಲ್ಲ ನೀರುಪಾಲು. ಬಣ್ಣ ಬೇಕೇಬೇಕಾದರೆ ಮರದೊಳಕ್ಕೆ ಇಳಿಯುವ, ನೀರಿನಲ್ಲಿ ಕಲಸುವ ಬಣ್ಣ ಹಾಕಿ. ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿದರೆ ಬಟ್ಟೆಗೆ ಬಣ್ಣ ಹತ್ತಬಾರದು. ಎಂಜಲಿಗೆ ಬಿಡುವ ಬಣ್ಣ ಹೊಟ್ಟೆಗೇ ಹೋಗುತ್ತದೆ. ಬಣ್ಣವಿಲ್ಲದೆ ಎಣ್ಣೆ ಹಚ್ಚುವವರು ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಬಹುದು. ಗೋಡೆ, ಬಾಗಿಲಿಗೆಂದು ಮಾರುವ, ಬೇಗ ಒಣಗುವ ಅಗಸೆ ಎಣ್ಣೆ ಬೇಡ. ಒಣಗಿಸಲು ಅದರಲ್ಲಿ ಲೋಹದ ಲವಣ ಸೇರಿಸಿರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರದಾರಿಯಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಂಡೀತು. ಹರಡಿ ಒಣಗಿಸಿ, ಅಥವಾ ನೀರಲ್ಲಿ ಅದ್ದಿಡಿ.

ಮರ ಯಾವುದಾದರೂ ಆಗಲಿ, ಎಳೆ ಒತ್ತಾಗಿರಬೇಕು, ಗಂಟಿರಬಾರದು, ಚೆನ್ನಾಗಿ ಆರಿರಬೇಕು. ಹಸಿ ಮರ ಉದ್ದಕ್ಕೆ ಕುಗ್ಗುವುದು ನಾಮಮಾತ್ರ, ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ. ಅದರಲ್ಲೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ಉಂಗುರಗಳಿಗೆ ಅಡ್ಡಲಾಗಿ ಆಗುವುದರ ಸುಮಾರು ಎರಡರಷ್ಟು. ಇಂದು ಚೌಕವಾಗಿದ್ದ ಕಂಬದ ತುದಿ ನಾಳೆ ವಜ್ರಾಕೃತಿಯಾಗುವುದು ಇದರಿಂದಲೇ. ಪಟ್ಟಿಗಳನ್ನು 2–3 ಮಿ.ಮೀ. ಹೆಚ್ಚಿಟ್ಟು ಸೀಳಿ, ನಡುವೆ ಗಾಳಿಯಾಡುವಂತೆ ಕಡ್ಡಿ ಇಟ್ಟು ಒಂದೆರಡು ವಾರ ಕೋಣೆಯೊಳಗೆ ಪೇರಿಸಿಟ್ಟು, ಆಮೇಲೆ ಕೊನೆಯ ಅಳತೆಗೆ ಹೆರೆಯಬೇಕು. ತೀರಾ ಮೆತ್ತನೆಯ ಮರದ ಮೂಲೆಗಳು ಬಿದ್ದು ಬಿದ್ದು ಜಜ್ಜಿಹೋಗುತ್ತವೆ. ತೀರಾ ಭಾರದ್ದೂ ಕಷ್ಟ: ನೀರಿನ 0.7ರಷ್ಟು ಸಾಂದ್ರತೆಯ ಮರದಲ್ಲಿ 35 × 70 × 140ರ ಬ್ಲಾಕ್ ಸುಮಾರು 240 ಗ್ರಾಂ. ಅದು ಕಂಬದಿಂದ ಕಾಲ್ಬೆರಳ ಮೇಲೆ ಬಿದ್ದರೆ ಆಟ ಮುಗಿಯಿತು. ಎರಡು ವರ್ಷದೊಳಗಿನವರಿಗೆ ಇದರ ಅರ್ಧ ಅಳತೆಯವು ಒಳ್ಳೆಯದು. ಅರ್ಧ ಅಳತೆ ಎಂದರೆ ತೂಕ ಎಂಟರಲ್ಲೊಂದು, 30 ಗ್ರಾಂ.

ಯಾವ ತುಂಡು ಎಷ್ಟಿರಬೇಕು ಎಂಬುದನ್ನು ಪುರವಣಿಯ ಲೇಖನ ಮುಟ್ಟಿಯೇ ಇಲ್ಲ. ಪೆಟ್ಟಿಗೆಯ ಮೇಲೆ ‘15 ಆಕಾರಗಳು’ ಎಂದು ದೊಡ್ಡದಾಗಿ ಬರೆದು, ಒಳಗೆ ಒಂದೊಂದು ಆಕಾರಕ್ಕೆ ಎರಡೋ ಮೂರೋ ತುಂಡು ಹಾಕುವ ಪದ್ಧತಿ ನಮಗೆ ಸರಿಕಾಣುವುದಿಲ್ಲ. ಮೂರು ಕಿಟಕಿ, ಎರಡು ಗೋಪುರದಿಂದ ಮನೆ ಏಳುವುದಿಲ್ಲ, ಗೋಡೆ ಬೇಕು. 60 ತುಂಡುಗಳ ಒಂದು ಸೆಟ್‌ಗೆ ನಮ್ಮ ಲೆಕ್ಕ ಹೀಗೆ: 140ರ ಇಡೀ ಬ್ಲಾಕ್ 24, 70ರ ಅರ್ಧ 12, 280ರ ಜೋಡಿ 8, ತ್ರಿಕೋನ 8, 35 × 35 × 140ರ ಕಂಬ 4, ಚಾವಣಿಗೆ 17.5 ದಪ್ಪದ 280ರ ಹಲಗೆ 4. ಇಡೀ ಬ್ಲಾಕ್ ಬೇಕೆಂದೇ ಸ್ವಲ್ಪ ಕಡಿಮೆ ಇಟ್ಟಿದ್ದೇವೆ. ಗೋಡೆಯ ನಡುವೆ ಅವು ಮುಗಿದಾಗ ಮಗು ಎರಡು ಅರ್ಧ ಜೋಡಿಸುತ್ತದೆ, ಅದೂ ಮುಗಿದರೆ ಎರಡು ಕಂಬವನ್ನು ಪಕ್ಕಪಕ್ಕ ಮಲಗಿಸುತ್ತದೆ. ಗಣಿತ ಒಳಬರುವುದು ಆ ಕೊರತೆಯ ಬಾಗಿಲಿನಿಂದ. ಇಡೀ, ಅರ್ಧ, ಜೋಡಿ ಈ ಮೂರಕ್ಕೆ 70 × 35ರ ಪಟ್ಟಿ ಗರಗಸದ ಪಾಲೂ ಸೇರಿ 6.6 ಮೀಟರ್ ಬೇಕು, ಗಂಟು ಬಿಟ್ಟು ಕೊಯ್ಯಲು 7.5 ಮೀಟರ್ ಇಟ್ಟುಕೊಳ್ಳಿ. ತ್ರಿಕೋನಕ್ಕೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಸಾಕು.

ವಯಸ್ಸಿನ ಬಗ್ಗೆಯೂ ಒಂದು ಮಾತು. ಸುಮಾರು 15 ತಿಂಗಳಿಗೆ ಎರಡು ಘನ ಪೇರಿಸುವ ಮಗು ಎರಡು ವರ್ಷಕ್ಕೆ ಆರೇಳು, ಮೂರು ವರ್ಷಕ್ಕೆ ಒಂಬತ್ತು ಹತ್ತು ಪೇರಿಸುತ್ತದೆ, ಮೂರು ಘನದ ಸೇತುವೆಯನ್ನೂ ಕಟ್ಟುತ್ತದೆ. ಅದಕ್ಕೂ ಮೊದಲು ಬ್ಲಾಕನ್ನು ಬರಿದೇ ಎತ್ತಿಕೊಂಡು ತಿರುಗುವ, ಎಲ್ಲವನ್ನೂ ಬುಟ್ಟಿಗೆ ಸುರಿಯುವ ಕಾಲವೊಂದಿದೆ. ಆಗ ‘ಮನೆ ಕಟ್ಟು ನೋಡೋಣ’ ಎಂದು ಒತ್ತಾಯಿಸಿ ಫಲವಿಲ್ಲ. ‘ಇದನ್ನು ಹೀಗೇ ಕಟ್ಟಿ’ ಎಂಬ ಚಿತ್ರದ ಕಾರ್ಡುಗಳನ್ನು ಸೆಟ್ ಜೊತೆ ಕೊಡುವುದನ್ನು ನಾವು ಬಿಟ್ಟುಬಿಡಿ ಎನ್ನುತ್ತೇವೆ. ಕಾರ್ಡಿನಂತೆ ಕಟ್ಟಿದ ಮೇಲೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಸುರಕ್ಷತೆಗೆ ಜಗತ್ತಿನ ಬಹುತೇಕ ಆಟಿಕೆ ಮಾನದಂಡಗಳು ಒಂದು ಪುಟ್ಟ ಕೊಳವೆಯನ್ನು ಬಳಸುತ್ತವೆ: ಒಳವ್ಯಾಸ 31.7 ಮಿ.ಮೀ., ಓರೆ ತಳ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1. ಒತ್ತದೆ ಇಟ್ಟಾಗ ಪೂರ್ತಿ ಒಳಗಿಳಿಯುವ ಯಾವ ತುಂಡನ್ನೂ ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಇಡಬಾರದು. 25 ಮಿ.ಮೀ. ಘನದ ಮುಖದ ಕರ್ಣ 35.4, ಆದ್ದರಿಂದ ಇಳಿಯುವುದಿಲ್ಲ. 22 ಮಿ.ಮೀ. ಘನದ ಕರ್ಣ 31.1, ಇಳಿದುಬಿಡುತ್ತದೆ. ಮೂರೇ ಮಿ.ಮೀ. ಅಂತರ! ಹೊಸ ಬ್ಲಾಕನ್ನಷ್ಟೇ ನೋಡಿದರೆ ಸಾಲದು, ಹತ್ತಾರು ಸಲ ಗಟ್ಟಿ ನೆಲಕ್ಕೆ ಬೀಳಿಸಿ, ಸಿಡಿದ ಚೂರುಗಳನ್ನೂ ಕೊಳವೆಗೆ ಹಾಕಿ ನೋಡಬೇಕು. ಅಯಸ್ಕಾಂತದ ಬ್ಲಾಕ್‌ಗಳಲ್ಲಿ ಭಯ ಇನ್ನೊಂದು ಬಗೆಯದು. ಪ್ಲಾಸ್ಟಿಕ್ ಕವಚದ ಬೆಸುಗೆ ಬಿಟ್ಟು ಎರಡು ಅಯಸ್ಕಾಂತಗಳು ಹೊಟ್ಟೆಗೆ ಹೋದರೆ, ಕರುಳಿನ ಎರಡು ಸುತ್ತುಗಳನ್ನು ನಡುವೆ ಹಿಡಿದು ಒಂದನ್ನೊಂದು ಎಳೆದುಕೊಳ್ಳುತ್ತವೆ, ಕರುಳು ತೂತಾಗುತ್ತದೆ. ಮನೆಯಲ್ಲಿ ಮರಕ್ಕೆ ರಂಧ್ರ ಕೊರೆದು ಅಯಸ್ಕಾಂತವನ್ನು ಗೋಂದಿನಲ್ಲಿ ಕೂರಿಸುವ ಸಾಹಸಕ್ಕೆ ಯಾರೂ ಕೈಹಾಕಬೇಡಿ.

ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತ್ರಿ-ಡಿ ಪ್ರಿಂಟರಿನಲ್ಲಿ ಮಾಡಬಹುದೇ ಎಂದು ಕೇಳುವವರು ಈಗ ಹೆಚ್ಚು. ಮಾಡಬಹುದು, ಆದರೆ ಇಲ್ಲಿ ಅಳತೆ ಇನ್ನೂ ಬಿಗಿ. 1958ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಲೆಗೊ ಇಟ್ಟಿಗೆಯಲ್ಲಿ ಮೇಲಿನ ಗುಬಟುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಅಂತರ 8 ಮಿ.ಮೀ., ಗುಬಟಿನ ವ್ಯಾಸ 4.8, ಇಟ್ಟಿಗೆಯ ಎತ್ತರ 9.6. ಐದು ಇಟ್ಟಿಗೆ ಪೇರಿಸಿದ ಎತ್ತರ ಆರು ಗುಬಟಿನ ಅಗಲಕ್ಕೆ ಸಮ, ಎರಡೂ 48. ಎಂಟು ಗುಬಟಿನ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿ ಜೋಡಿಸಬಹುದು, ಮೂರನ್ನು 1,060 ರೀತಿ. ಕೆಳಗಿನ ಕೊಳವೆ ನಾಲ್ಕು ಗುಬಟುಗಳ ನಡುವೆ ಬಿಗಿಯಾಗಿ ಕೂರುವುದರಿಂದಲೇ ಹಿಡಿತ. ಅದರ ಹೊರವ್ಯಾಸ 6.5 ಮಿ.ಮೀ. ಆಸುಪಾಸು. ಮನೆಯ ಪ್ರಿಂಟರ್ ಇಲ್ಲಿ 0.1 ಮಿ.ಮೀ. ತಪ್ಪಿದರೂ ಒಂದೋ ಕಳಚಿ ಬೀಳುತ್ತದೆ, ಇಲ್ಲವೇ ಮಗು ಹಲ್ಲಿನಲ್ಲಿ ಕಚ್ಚಿ ಬಿಡಿಸಬೇಕಾಗುತ್ತದೆ. ಇಡೀ ಇಟ್ಟಿಗೆ ಅಚ್ಚು ಹಾಕುವ ಮೊದಲು 4.7ರಿಂದ 4.9ರವರೆಗೆ 0.05ರ ಏರಿಕೆಯಲ್ಲಿ ಗುಬಟುಗಳ ಪಟ್ಟಿಯೊಂದನ್ನು ಮುದ್ರಿಸಿ, ಯಾವುದು ಹಿಡಿಯುತ್ತದೆ ನೋಡಿ. ಮೊದಲ ಪದರ ಅಗಲಕ್ಕೆ ಹರಡಿಕೊಳ್ಳುವುದರಿಂದ ತಳದ ಅಂಚನ್ನು ಸ್ವಲ್ಪ ಓರೆಯಾಗಿ ಬಿಡಬೇಕು. ಮನೆಯ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿ.ಎಲ್.ಎ. ಪ್ಲಾಸ್ಟಿಕ್ ಬಿಗಿಯಲ್ಲಿ ಬಹಳ ದಿನ ಇದ್ದರೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ಜೋಡಿಸಿಟ್ಟ ಗೋಪುರ ತಿಂಗಳು ಬಿಟ್ಟು ಎತ್ತಿದರೆ ಉದುರಿದ್ದಕ್ಕೆ ಅದೇ ಕಾರಣ.

ಅಕ್ಷರದ ಬ್ಲಾಕ್‌ಗಳ ವಿಷಯ ಕೊನೆಗೆ. ಘನಕ್ಕೊಂದು ಅಕ್ಷರ ಬರೆದು ಸಾಲಾಗಿಟ್ಟರೆ ಪದವಾಗುವುದು ರೋಮನ್ ಲಿಪಿಯ ಅನುಕೂಲ. ಕನ್ನಡದಲ್ಲಿ ‘ಕ’ ಘನದ ಪಕ್ಕ ಗುಡಿಸಿನ ಘನ ಇಟ್ಟರೆ ‘ಕಿ’ ಆಗುವುದಿಲ್ಲ, ತಲೆಕಟ್ಟು ಹೋಗಿ ಅದರ ಜಾಗಕ್ಕೆ ಗುಡಿಸು ಬರಬೇಕು. ಒತ್ತಕ್ಷರವಂತೂ ಕೆಳಗೇ ನೇತಾಡುತ್ತದೆ. ಹಾಗಾಗಿ ಕನ್ನಡಕ್ಕೆ ಘನಕ್ಕಿಂತ ಮೂರು ಪಟ್ಟಿಗಳ ಚಪ್ಪಟೆ ಬಿಲ್ಲೆ ಸೂಕ್ತ: ನಡುವೆ ತಲೆಕಟ್ಟಿಲ್ಲದ ವ್ಯಂಜನದ ಮೈ, ಮೇಲೆ ತಲೆಕಟ್ಟು ಅಥವಾ ಗುಡಿಸು, ಕೆಳಗೆ ಒತ್ತು. ಇಲ್ಲೂ ಎಲ್ಲ ಅಕ್ಷರ ಮಣಿಯುವುದಿಲ್ಲ. ‘ಮ’, ‘ಯ’ದಂಥವು ಕೆಲವು ಕಡೆ ಹಟ ಹಿಡಿಯುತ್ತವೆ, ಅವಕ್ಕೆ ಇಡೀ ಅಕ್ಷರದ ಬಿಲ್ಲೆಯನ್ನೇ ಮಾಡಬೇಕು. ಈ ಬಿಲ್ಲೆಗಳನ್ನು ಕಟ್ಟುವ ಬ್ಲಾಕ್‌ಗಳ ಜೊತೆ ಬೆರೆಸಬೇಡಿ. ಗೋಡೆ ಕಟ್ಟುತ್ತಿರುವ ಮಗುವನ್ನು ನಡುವೆ ತಡೆದು ‘ಇದು ಯಾವ ಅಕ್ಷರ?’ ಎಂದು ಕೇಳುವ ಚಪಲ ದೊಡ್ಡವರಿಗೆ ತಪ್ಪುತ್ತದೆ.

ಇನ್ನು ಪೆಟ್ಟಿಗೆ. ಮೇಲೆ ಹೇಳಿದ 60 ತುಂಡುಗಳ ಒಟ್ಟು ಗಾತ್ರ ಇಡೀ ಬ್ಲಾಕಿನ ಲೆಕ್ಕದಲ್ಲಿ ಸರಿಯಾಗಿ 54. ಎಲ್ಲವೂ 630 × 280 × 105 ಮಿ.ಮೀ. ಜಾಗದಲ್ಲಿ ಒಂದು ಸಂದೂ ಇಲ್ಲದೆ ಕೂರುತ್ತವೆ. ಆದರೆ ತೂಕ 13 ಕಿಲೋ ಆಗುವುದರಿಂದ ಒಂದೇ ಪೆಟ್ಟಿಗೆ ಬೇಡ. 35 ಮಿ.ಮೀ. ಆಳದ ಮೂರು ತಟ್ಟೆಗಳನ್ನು ಮಾಡಿ, ಒಂದೊಂದರಲ್ಲೂ 18 ಬ್ಲಾಕಿನಷ್ಟು, 4 ಕಿಲೋ ಚಿಲ್ಲರೆ. ಉದ್ದ, ಅಗಲಗಳಲ್ಲಿ 3 ಮಿ.ಮೀ. ಸಡಿಲ ಬಿಡಿ, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಬ್ಲಾಕ್ ಉಬ್ಬಿ ತಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತೊಳೆಯಲು ನೀರಿನಲ್ಲಿ ಮುಳುಗಿಸಬೇಡಿ, ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗೆ ಇಟ್ಟರೆ ಸಾಕು. ಆಟ ಮುಗಿದು ತುಂಡುಗಳನ್ನು ಮರಳಿ ಜೋಡಿಸುವಾಗ ಒಂದು ಜಾಗ ಖಾಲಿ ಕಂಡರೆ, ಮಂಚದ ಕೆಳಗೆ ಹುಡುಕಬೇಕಾದದ್ದು ಅರ್ಧವೋ ಇಡಿಯೋ ಎಂಬುದನ್ನು ಆ ಖಾಲಿ ಜಾಗವೇ ಹೇಳುತ್ತದೆ.

ಇಂತಿ,
ಮರದ ಆಟಿಕೆ ಮಾಡುವ ಕೆಲವರು